ಸಹಾಯ ಬೇಕು: ಗುರುಮಠಕಲ್ ಪದರದ ಪುಟ್ಟ ಬಸವನಹುಳು ಪಳೆಯುಳಿಕೆಗಳನ್ನು ಗುರುತಿಸುವುದು ಹೇಗೆ?

ಗುರುಮಠಕಲ್ ಬಳಿ ಎರಡು ಬಸಾಲ್ಟ್ (ಲಾವಾ ಗಟ್ಟಿಯಾದ ಕಲ್ಲು) ಹರಿವುಗಳ ನಡುವಿನ ಕೆರೆಮಣ್ಣಿನ ಪದರದಿಂದ 1ರಿಂದ 3 ಮಿ.ಮೀ. ಚಿಪ್ಪುಗಳು ಸಿಕ್ಕಿವೆ. ಈ ಪದರವನ್ನು ನಾಗಪುರ, ತೆಲಂಗಾಣದ ನಸ್ಕಲ್ ಕಡೆಯ ಇಂಥದೇ ಪದರಗಳೊಂದಿಗೆ ಹೋಲಿಸಿ ಹೊಂದಿಸಬೇಕಿದೆ.

ಮಾಡುತ್ತಿರುವುದು ಇಷ್ಟು: 1 ಕಿಲೋ ಮಣ್ಣನ್ನು 50–60 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ (ಹಸಿ ಉಳಿದರೆ ಅದು ಬಿಡಿಸಿಕೊಳ್ಳುವುದೇ ಇಲ್ಲ), ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, 500, 250, 125 ಮೈಕ್ರಾನ್ ಜರಡಿಗಳಲ್ಲಿ ಮೆಲ್ಲಗೆ ತೊಳೆಯುವುದು. ಬೆರಳಿನಿಂದ ಉಜ್ಜಿದರೆ ಬಾಯಿಯ ಅಂಚು ಮೊದಲು ಮುರಿಯುತ್ತದೆ. ಗುರುತಿಗೆ ಬೇಕಾದದ್ದೇ ಅದು. ಆಮ್ಲ ಬಳಸಿಲ್ಲ, ಸುಣ್ಣದ ಚಿಪ್ಪು ಕರಗಿಹೋಗುತ್ತದೆ.

ತೊಡಕು ಇಲ್ಲಿದೆ. ತುದಿ ಮೇಲಕ್ಕೆ ಹಿಡಿದಾಗ ಬಾಯಿ ಎಡಕ್ಕಿದ್ದರೆ ಫೈಸಾ, ಬಲಕ್ಕಿದ್ದರೆ ಲಿಮ್ನಿಯಾ (ಎರಡೂ ಸಿಹಿನೀರಿನ ಬಸವನಹುಳು ಕುಲಗಳು) ಅಥವಾ ಇನ್ನೊಂದು. ಆದರೆ ಅರ್ಧದಷ್ಟು ಬರೀ ಒಳಅಚ್ಚುಗಳು (ಚಿಪ್ಪು ಹೋಗಿ, ಒಳಗೆ ತುಂಬಿದ ಮಣ್ಣಷ್ಟೇ ಗಟ್ಟಿಯಾಗಿ ಉಳಿದವು), ಮೇಲ್ಮೈ ಗೆರೆಗಳೇ ಇಲ್ಲ. ಚಪ್ಪಟೆಯಾದವು ವಾಲ್ವಾಟಾ ಎಂಬ ಇನ್ನೊಂದು ಕುಲದವೋ ಬೇರೆಯವುಗಳ ಮರಿಗಳೋ ತಿಳಿಯುತ್ತಿಲ್ಲ. ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿನೊಳಗಿನವಂತೂ ಬಿಡಿಸಲಾಗದು.

ಫೈಸಾ ಸಿಕ್ಕಿತೆಂದು 6.6 ಕೋಟಿ ವರ್ಷದ ಗಡಿ (ಡೈನೋಸಾರ್ ಕಾಲ ಮುಗಿದ ಗಡಿ) ಎಳೆಯಲಾಗದು. ಕೆರೆ ಇದ್ದಲ್ಲೆಲ್ಲ ಅದಿದೆ. ಅದು ಕಾಲಕ್ಕಿಂತ ಪರಿಸರವನ್ನೇ ಹೆಚ್ಚು ಹೇಳುತ್ತದೆ. ಹಾಗಾಗಿ 125 ಮೈಕ್ರಾನ್ ಉಳಿಕೆಯಲ್ಲಿ ಕಾರಾ ಪಾಚಿಯ ಬೀಜಕೋಶ, ಆಸ್ಟ್ರಕೋಡ್ ಎಂಬ ಪುಟ್ಟ ಚಿಪ್ಪುಜೀವಿಗಳನ್ನೂ ಆರಿಸುತ್ತಿದ್ದೇವೆ.

ಬೇಕಿರುವುದು: 3 ಮಿ.ಮೀ.ಗಿಂತ ಚಿಕ್ಕ ಮರಿ ಫೈಸಾಗಳ ಅಳತೆಪಟ್ಟಿಯೊಂದಿಗಿನ ಚಿತ್ರಗಳು (ಬಾಯಿಯ ಕಡೆಯಿಂದ ಮತ್ತು ತುದಿಯ ಮೇಲಿಂದ), ಒಳಅಚ್ಚಿನಲ್ಲೇ ಸುರುಳಿ ಎಣಿಸುವ ಅನುಭವಿಗಳ ಸಲಹೆ, ಚರ್ಟ್ ತೆಳುಛೇದವನ್ನು (ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಕಲ್ಲಿನ ಬಿಲ್ಲೆ) ಯಾವ ದಿಕ್ಕಿಗೆ ಕತ್ತರಿಸಿದರೆ ಚಿಪ್ಪಿನ ಅಕ್ಷ ಸಿಗುವ ಸಂಭವ ಹೆಚ್ಚು ಎಂಬ ಮಾಹಿತಿ.