ಅಪ್‌ಡೇಟ್: ಈಜುಕೊಳ ಸದ್ಯಕ್ಕೆ ಉಳಿಯಿತು

ಬಡಾವಣೆಯ ಸಾರ್ವಜನಿಕ ಈಜುಕೊಳ ಸೋರುತ್ತಿದೆ, ಒಡೆದು ಹೊಸದಾಗಿ ಕಟ್ಟೋಕೆ ಹಣವಿಲ್ಲ, ಅದಕ್ಕೇ ಮುಚ್ತೀವಿ ಅಂತಿದ್ದಾರೆ, ಏನು ಮಾಡೋದು ಅಂತ ಕೇಳಿದ್ದೆ. "ಮೊದಲು ಸೋರಿಕೆ ಎಲ್ಲಿ ಅಂತ ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಕೊಳದ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ಬರುವಂತೆ ತುಂಬಿ ಗುರುತು ಹಾಕಿದೆವು. ಕಾವಲುಗಾರರು ನಕ್ಕರು, ಇರಲಿ. 24 ಗಂಟೆಯಲ್ಲಿ ಬಕೆಟ್‌ನಲ್ಲಿ ಅರ್ಧ ಸೆಂ.ಮೀ. ಇಳಿದಿತ್ತು, ಅದು ಆವಿಯಾಗಿದ್ದು. ಕೊಳದಲ್ಲಿ ಎರಡೂವರೆ! 25 ಮೀಟರ್ ಉದ್ದ, 10 ಮೀಟರ್ ಅಗಲದ ಕೊಳಕ್ಕೆ ಆ 2 ಸೆಂ.ಮೀ. ವ್ಯತ್ಯಾಸ ಅಂದ್ರೆ ದಿನಕ್ಕೆ 5,000 ಲೀಟರ್. ಮರುದಿನ, ಕೊಳದ ನೀರನ್ನು ಪೈಪಿನ ಮೂಲಕ ಫಿಲ್ಟರ್‌ಗೆ ಕಳಿಸಿ ವಾಪಸ್ ತರೋ ಪಂಪ್ ನಿಲ್ಲಿಸಿ ನೋಡಿದರೆ ಎರಡೂ ಒಂದೇ ಸಮ ಇಳಿದಿತ್ತು. ಅಂದರೆ ಗೋಡೆ ಗಟ್ಟಿಯಾಗೇ ಇದೆ, ಪಂಪ್ ಓಡುವಾಗ ಪೈಪಿನಲ್ಲಿ ಸೋರುತ್ತಿದೆ.

ಫೋಟೋ ಸಮೇತ ವಾರ್ಡ್ ಸಭೆಗೆ ಹೋದೆವು. ಎಂಜಿನಿಯರ್ ತಾವೇ ಬಂದು ನೋಡಿ ಒಪ್ಪಿದರು. ಹೊಸ ಕಾಮಗಾರಿಯ ಬದಲು ನಿರ್ವಹಣೆ ಲೆಕ್ಕದಲ್ಲಿ ಪೈಪ್ ರಿಪೇರಿ ಮಂಜೂರಾಗಿದೆ. ಫಿಲ್ಟರ್ ಮರಳು ಬದಲಿಸೋ ಮಾತು ಮಾತ್ರ ಮುಂದಿನ ಬಜೆಟ್‌ಗೆ ಹೋಯ್ತು. ಬಕೆಟ್ ಇನ್ನೂ ಅಲ್ಲೇ ಇದೆ.