ನಕಾಶೆಯಲ್ಲಿ ನಮ್ಮ ಹಳ್ಳವೇ ಇಲ್ಲ: ನಗರ ಯೋಜಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಪುಣೆ ಕನ್ನಡಿಗರಿಗೆ ನಮಸ್ಕಾರ. ಊರಿನ ಅಭಿವೃದ್ಧಿ ಯೋಜನೆಯ ಹಿಂದೆ ಎಂಥ ಅಧ್ಯಯನ ಇರಬೇಕು, ಕರಡನ್ನು ಓದುವುದು ಹೇಗೆ ಎಂದು ಹಲವರು ಕೇಳಿದ್ದೀರಿ. ನಮ್ಮ ಗುಂಪಿನ ನಗರ ಯೋಜಕಿ ಇಂದು ಉತ್ತರಿಸುತ್ತಾರೆ.

ಹಡಪಸರದ ಸದಸ್ಯ: ಮೇಡಂ, ಮೂರು ಗುಂಟೆ ಜಾಗ ಕೊಂಡಿದ್ದೇನೆ. ಈಗ ಗ್ರೀನ್ ಝೋನ್, ಅಂದರೆ ಕೃಷಿ ವಲಯ. ಹೊಸ ಯೋಜನೆಯಲ್ಲಿ ಯಲ್ಲೋ, ಅಂದರೆ ವಸತಿ ವಲಯ, ಆಗುವುದು ಖಚಿತ ಎಂದು ಏಜೆಂಟ್ ಹೇಳುತ್ತಾನೆ. ನಂಬಬಹುದೇ?

ಯೋಜಕಿ: ನಂಬಬೇಡಿ. ಮಂಜೂರಾದ ನಕಾಶೆಯಲ್ಲಿ ನಿಮ್ಮ ಗಟ್ ಸಂಖ್ಯೆ (ದಾಖಲೆಯಲ್ಲಿ ಜಮೀನಿಗೆ ಕೊಟ್ಟಿರುವ ಸಂಖ್ಯೆ) ಯಾವ ಝೋನ್‌ನಲ್ಲಿದೆ ಎಂಬ ದಾಖಲೆಯನ್ನು ಕಚೇರಿಯಿಂದಲೇ ಪಡೆಯಿರಿ.

ಪುಣೆಯ ಅಂಚಿನ ಹಳ್ಳಿಯ ಸದಸ್ಯೆ: ಮೇಡಂ, ನಮ್ಮ ಮನೆಯ ಹಿಂದೆ ಹಳ್ಳವಿದೆ, ಇಲ್ಲಿನವರು ಓಢಾ ಎನ್ನುತ್ತಾರೆ. ಕರಡು ನಕಾಶೆಯಲ್ಲಿ ಅದು ಖಾಲಿ ಜಾಗ, ಅದರ ಮೇಲೆಯೇ ರಸ್ತೆ ಎಳೆದಿದ್ದಾರೆ. ಮೋರಿಯ ಕಲ್ಲಿನ ಮೇಲೆ ಕಳೆದ ಮಳೆಗಾಲದ ಕೆಸರಿನ ಗೆರೆ ನನ್ನ ಎದೆಯೆತ್ತರಕ್ಕಿದೆ. ಏನು ಮಾಡಲಿ?

ಯೋಜಕಿ: ಇದನ್ನು ಓದಿ ನನಗೆ ಆತಂಕವಾಯಿತು. ವಿವರವಾಗಿ ಬರೆಯುತ್ತೇನೆ, ಎಲ್ಲರೂ ಓದಿ.

ಕರಡು ರಚಿಸುವ ಮೊದಲು ಇಡೀ ಪ್ರದೇಶದ ಸಮೀಕ್ಷೆ ನಡೆಸಿ, ಯಾವ ಜಾಗ ಈಗ ಯಾವುದಕ್ಕೆ ಬಳಕೆಯಲ್ಲಿದೆ ಎಂಬ ನಕಾಶೆಯನ್ನು ಸಿದ್ಧಪಡಿಸಲೇಬೇಕು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ರಚನಾ ಕಾಯ್ದೆಯ 25ನೇ ಕಲಮು ಹೇಳುವುದು ಇದನ್ನೇ. ಜನಸಂಖ್ಯೆಯ ಅಂದಾಜು, ವಾಹನಗಳ ಎಣಿಕೆ, ಶಾಲೆ ಆಸ್ಪತ್ರೆಗಳ ಕೊರತೆ, ಗುಡ್ಡದ ಇಳಿಜಾರು, ನೀರಿನ ಲೆಕ್ಕ ಎಲ್ಲವೂ ಆ ಸಮೀಕ್ಷೆಯನ್ನೇ ಆಧರಿಸುತ್ತವೆ. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಮಾನದಂಡ. ಇನ್ನೂ ಒಂದು ಲಕ್ಷ ಜನರಿಗಾಗಿ ಹೊಲಗಳನ್ನು ಹಳದಿ ಮಾಡಿದರೆ, ದಿನಕ್ಕೆ 1.35 ಕೋಟಿ ಲೀಟರ್ ಎಲ್ಲಿಂದ ತರುತ್ತೀರಿ ಎಂಬುದಕ್ಕೆ ವರದಿಯಲ್ಲಿ ಉತ್ತರವಿರಬೇಕು. ಜನಸಂಖ್ಯೆಗೆ 2011ರ ಜನಗಣತಿಯೇ ಆಧಾರವಾಗಿದ್ದರೆ, ಆಮೇಲೆ ಎದ್ದ ಬಡಾವಣೆಗಳ ಲೆಕ್ಕ ಹೇಗೆ ಹಿಡಿದಿರಿ ಎಂದು ಕೇಳಿ.

ಈಗ ನಿಮ್ಮ ಹಳ್ಳ. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಒಣಗಿದ ಹಳ್ಳ ಪಾಳು ಜಾಗದಂತೆ ಕಾಣುತ್ತದೆ. ಸ್ಥಳಕ್ಕೆ ಹೋಗಿ ನೋಡದಿದ್ದರೆ ನಕಾಶೆಯಿಂದ ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ನೀರು ಮಾತ್ರ ಅಲ್ಲಿಗೇ ಬರುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿ ಆಂಬಿಲ್ ಓಢಾ ಉಕ್ಕಿ ಮನೆಗಳಿಗೆ ನುಗ್ಗಿದಾಗ ಜನ ಸತ್ತರು. ಅದನ್ನು ಮರೆತು ಓಢಾದ ಮೇಲೆ ಗೆರೆ ಎಳೆಯಲು ಯಾರಿಗೂ ಹಕ್ಕಿಲ್ಲ.

ಭೂಮಾಪನ ಕಚೇರಿಯಿಂದ ಹಳೆಯ ಗ್ರಾಮ ನಕಾಶೆಯ ದೃಢೀಕೃತ ಪ್ರತಿ ತನ್ನಿ. ಹಳ್ಳ ಯಾವ ಯಾವ ಗಟ್ ಸಂಖ್ಯೆಗಳ ನಡುವೆ ಹರಿಯುತ್ತದೆ ಎಂದು ಬರೆಯಿರಿ. ಆ ಕೆಸರಿನ ಗೆರೆಯ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ, ಮಳೆ ಬಂದು ತೊಳೆಯುವ ಮೊದಲೇ. ಕರಡಿಗೆ ಸಲ್ಲಿಸುವ ಆಕ್ಷೇಪಣೆ ಅರ್ಜಿಯಲ್ಲಿ ‘ರಸ್ತೆ ಬೇಡ’ ಎಂದಷ್ಟೇ ಬರೆದರೆ ಅದು ಬರಿಯ ಅಭಿಪ್ರಾಯವಾಗುತ್ತದೆ. ‘ಸಮೀಕ್ಷೆಯಲ್ಲಿ ಹಳ್ಳ ಬಿಟ್ಟುಹೋಗಿದೆ, ಇಗೋ ದಾಖಲೆ’ ಎಂದು ಬರೆಯಿರಿ.

ನಿಗಡಿಯ ಸದಸ್ಯ: ಫಾರ್ವರ್ಡ್ ಬಂದಿದೆ: ‘ಒಂದೇ ಅರ್ಜಿಯ ನೂರು ಪ್ರತಿಗಳನ್ನು ಬೇರೆ ಬೇರೆ ಸಹಿಯೊಂದಿಗೆ ಹಾಕಿದರೆ ಝೋನ್ ತಾನಾಗಿಯೇ ಬದಲಾಗುತ್ತದೆ. ಎಲ್ಲರಿಗೂ ಕಳುಹಿಸಿ.’

ಯೋಜಕಿ: ಯಾರಿಗೂ ಕಳುಹಿಸಬೇಡಿ. ಇಂಥದ್ದನ್ನು ನಂಬಿ ಜನ ಆಕ್ಷೇಪಣೆಯ ಗಡುವನ್ನೇ ಕಳೆದುಕೊಳ್ಳುತ್ತಾರೆ. ತಾನಾಗಿ ಯಾವ ಝೋನ್ ಕೂಡ ಬದಲಾಗುವುದಿಲ್ಲ.

ಸಿಂಹಗಡ ರಸ್ತೆಯ ಸದಸ್ಯೆ: ನದಿಯ ಪಕ್ಕದ ನೀಲಿ ಗೆರೆ, ಕೆಂಪು ಗೆರೆ ಎಂದರೇನು?

ಯೋಜಕಿ: ನೀಲಿ, 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ. ಕೆಂಪು, 100 ವರ್ಷಕ್ಕೊಮ್ಮೆಯದು.

ಡೊಂಬಿವಲಿಯ ಸದಸ್ಯ: ಸಮೀಕ್ಷೆಯೆಲ್ಲ ತೋರಿಕೆ. ಮುಂಬೈ ಕರಡು 2015ರಲ್ಲಿ ಬಂದಾಗ ತಪ್ಪುಗಳ ರಾಶಿಯೇ ಇತ್ತು.

ಯೋಜಕಿ: ನಿಜ. ಆ ತಪ್ಪುಗಳನ್ನು ಜನ ಒಂದೊಂದಾಗಿ ಎತ್ತಿ ತೋರಿಸಿದ್ದರಿಂದಲೇ ಸರ್ಕಾರ ಆ ಕರಡನ್ನು ಕೈಬಿಟ್ಟಿತು. 2016ರಲ್ಲಿ ಪರಿಷ್ಕೃತ ಕರಡು ಬಂತು, 2018ರಲ್ಲಿ ಯೋಜನೆ ಜಾರಿಯಾಯಿತು.

ಮಡಗಾಂವ್ ಸದಸ್ಯ: ಗೋವಾದಲ್ಲಿಯೂ ಜನರ ಹೋರಾಟದಿಂದಲೇ 2011ನ್ನು ಗುರಿಯಾಗಿಟ್ಟ ‘ಪ್ರಾದೇಶಿಕ ಯೋಜನೆ 2011’ 2007ರಲ್ಲಿಯೇ ರದ್ದಾಯಿತು. ಈಗ ನಮ್ಮ ಊರಿನ ತೋಟದ ಜಾಗ ವಸತಿ ಪ್ರದೇಶವಾಗಿದೆ. ಯಾವ ಅಧ್ಯಯನದ ಆಧಾರದ ಮೇಲೆ ಎಂದು ಯಾರನ್ನು ಕೇಳಬೇಕು?

ಹಡಪಸರದ ಸದಸ್ಯ: ಗೋವಾದ ಮಾತು ಬಿಡಿ. ಆ ಹಳ್ಳದ ರಸ್ತೆ ನನ್ನ ಜಾಗಕ್ಕೂ ಬರಬೇಕು. ಹಳ್ಳ ಹಳ್ಳ ಎಂದು ಇವರು ಅರ್ಜಿ ಹಾಕಿದರೆ ರಸ್ತೆ ನಿಂತುಹೋಗುತ್ತದೆ. ಕಂತು ಕಟ್ಟುತ್ತಿರುವವರು ನಾವು!

ಅಂಚಿನ ಹಳ್ಳಿಯ ಸದಸ್ಯೆ: ನಿಮ್ಮ ಕಂತಿಗೆ ನಮ್ಮ ಮನೆ ಮುಳುಗಬೇಕೇ ಅಣ್ಣಾ? ಮಳೆಗಾಲದಲ್ಲಿ ಒಮ್ಮೆ ಬಂದು ಆ ಮೋರಿಯ ಮೇಲೆ ನಿಂತು ನೋಡಿ.

ಹಡಪಸರದ ಸದಸ್ಯ: ಹಳ್ಳದ ದಂಡೆಯಲ್ಲಿ ಮನೆ ಕಟ್ಟಿ ಎಂದು ನಿಮಗೆ ಹೇಳಿದವರು ಯಾರು?

ಡೊಂಬಿವಲಿಯ ಸದಸ್ಯ: ಹೆಂಗಸರೊಡನೆ ಮಾತಾಡುವ ರೀತಿ ಇದೇನಾ? ಏಜೆಂಟನ ಮಾತು ಕೇಳಿ ಗ್ರೀನ್ ಝೋನ್‌ನಲ್ಲಿ ಹಣ ಸುರಿದವರು ನೀವು.

ನಿರ್ವಾಹಕ: ದಯವಿಟ್ಟು ವಿಷಯಕ್ಕೆ ಬನ್ನಿ.

ಯೋಜಕಿ: ಹಡಪಸರದವರೇ, ರಸ್ತೆ ಬೇಕು ಎನ್ನುವುದು ನ್ಯಾಯವೇ. ಆದರೆ ಹಳ್ಳವನ್ನು ಗುರುತಿಸಿದ ಮೇಲೆ ರಸ್ತೆ ಪಕ್ಕಕ್ಕೆ ಸರಿಯಬಹುದು, ಇಲ್ಲವೇ ಸೇತುವೆ ಬರಬಹುದು. ಗುರುತಿಸದಿದ್ದರೆ ಮುಚ್ಚಿದ ಹಳ್ಳದ ಮೇಲೆ ರಸ್ತೆ ಬರುತ್ತದೆ, ಮೊದಲ ದೊಡ್ಡ ಮಳೆಗೇ ಕೊಚ್ಚಿಹೋಗುತ್ತದೆ. ಆಗ ನಿಮ್ಮ ಜಾಗಕ್ಕೂ ದಾರಿ ಇರುವುದಿಲ್ಲ.

ವಾಕಡದ ಸದಸ್ಯ: ಮೇಡಂ, ಗ್ರೀನ್ ಝೋನ್ ಯಲ್ಲೋ ಆಗುತ್ತದೆಯೇ?

ಯೋಜಕಿ: ಮೇಲೆ ಓದಿ.

ನಿಗಡಿಯ ಸದಸ್ಯ: ಇನ್ನೊಂದು ಫಾರ್ವರ್ಡ್ ಬಂದಿದೆ…

ಯೋಜಕಿ: ಹಾಕಬೇಡಿ.

ಅಂಚಿನ ಹಳ್ಳಿಯ ಸದಸ್ಯೆ: ಮೇಡಂ, ಹಳೆಯ ಗ್ರಾಮ ನಕಾಶೆಯ ಪ್ರತಿ ನಮ್ಮ ಮಾವನವರ ಪೆಟ್ಟಿಗೆಯಲ್ಲೇ ಇತ್ತು. ಹಳ್ಳ ಸ್ಪಷ್ಟವಾಗಿದೆ. ಅರ್ಜಿ ಬರೆದು ಗುಂಪಿನಲ್ಲಿ ಹಾಕಲೇ?

ಯೋಜಕಿ: ಗುಂಪಿನಲ್ಲಿ ಬೇಡ. ದೃಢೀಕೃತ ಪ್ರತಿಯೊಂದಿಗೆ ಗಡುವಿನೊಳಗೆ ಕಚೇರಿಗೆ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ವಿಚಾರಣೆಗೆ ಕರೆದ ದಿನ ಮಾವನವರನ್ನೂ ಕರೆದುಕೊಂಡು ಹೋಗಿ.