ದಶಮಾಂಶವನ್ನು ಸಭೆಗೇ ಒಪ್ಪಿಸಬೇಕೇ, ನೇರವಾಗಿ ಬಡವರಿಗೆ ಕೊಡಬಹುದೇ?

ಪ್ರಶ್ನೆ: ಮೈಸೂರಿನಿಂದ

ಖಾಸಗಿ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಮೊದಲ ಸಂಬಳದಿಂದಲೂ ಕೈಗೆ ಬಂದದ್ದರ ಹತ್ತನೆಯ ಒಂದು ಪಾಲನ್ನು ಲಕೋಟೆಯಲ್ಲಿಟ್ಟು ಸಭೆಗೆ, ಅಂದರೆ ನಮ್ಮ ಚರ್ಚಿಗೆ, ಒಪ್ಪಿಸುತ್ತ ಬಂದಿದ್ದೇನೆ. ಈಗ ಅದು ತಿಂಗಳಿಗೆ 6,200 ರೂಪಾಯಿ. ನಮ್ಮ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಪಾತ್ರೆ ತೊಳೆದು ನೆಲ ಒರೆಸುವ ಅಮ್ಮನವರ ಮಗಳಿಗೆ ಈ ವರ್ಷ ನರ್ಸಿಂಗ್ ಸೀಟು ಸಿಕ್ಕಿದ್ದು, ಮೊದಲ ಕಂತಿಗೆ 18,000 ರೂಪಾಯಿ ಸಾಲದೆ ಬಂದಿದೆ. ಮೂರು ತಿಂಗಳ ದಶಮಾಂಶವನ್ನು ಅವರಿಗೇ ಕೊಟ್ಟರೆ ತಪ್ಪಾಗುತ್ತದೆಯೇ? ದೇವರು ರಸೀದಿ ಕೇಳುವುದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಸಭೆಯ ಹಿರಿಯರೊಬ್ಬರು ಮಾತ್ರ ಬೈಬಲಿನ ಮಲಾಕಿಯನ ಪ್ರವಾದನೆಯನ್ನು ಎತ್ತಿ ತೋರಿಸಿ, ದಶಮಾಂಶ ಬಂದು ಸೇರಬೇಕಾದದ್ದು ದೇವರ ಭಂಡಾರಕ್ಕೆ, ದಾನಧರ್ಮ ಅದರ ಮೇಲಿನದು ಎಂದರು.

ಇನ್ನೊಂದು ಅಳುಕೂ ಇದೆ. ಆ ಅಮ್ಮ ಕ್ರೈಸ್ತರಲ್ಲ. ಈ ಹಣದ ಹಿಂದೆ ಬೇರೇನೋ ಉದ್ದೇಶವಿದೆ ಎಂದು ಅವರಾಗಲಿ ಅವರ ನೆಂಟರಾಗಲಿ ಭಾವಿಸುವುದು ನನಗೆ ಬೇಡ. ನಾಳೆಯಿಂದ ಅವರು ನನ್ನೆದುರು ತಲೆ ತಗ್ಗಿಸಿ ನಿಲ್ಲುವುದೂ ಬೇಡ.

ಉತ್ತರ: ನಿವೃತ್ತ ಸಭಾಪಾಲಕ (ಪಾಸ್ಟರ್), ಧಾರವಾಡ

ನಿಮ್ಮ ಹಿರಿಯರು ಹೇಳಿದ ವಚನ ಅಲ್ಲಿರುವುದು ನಿಜ, ಆದರೆ ಆ ಭಂಡಾರದಲ್ಲಿ ಏನು ತುಂಬುತ್ತಿತ್ತು ಎಂಬುದನ್ನೂ ನೋಡಬೇಕು. ಮೋಶೆಯ ಧರ್ಮಶಾಸ್ತ್ರದಲ್ಲಿ ದಶಮಾಂಶವೆಂದರೆ ಕಾಳು, ದ್ರಾಕ್ಷಾರಸ, ಎಣ್ಣೆ ಮತ್ತು ದನಕುರಿ. ಅದರಲ್ಲಿ ಪಾಲು ಪಡೆಯುತ್ತಿದ್ದ, ದೇವಾಲಯದ ಸೇವೆ ಮಾಡುವ ಕುಲದವರಾದ ಲೇವಿಯರಿಗೆ ಸ್ವಂತ ಹೊಲವಿರಲಿಲ್ಲ. ಬೈಬಲಿನ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿ. ಮೂರು ವರ್ಷಕ್ಕೊಮ್ಮೆ ಆ ದಶಮಾಂಶವನ್ನು ಊರೊಳಗೇ ಕೂಡಿಟ್ಟು, ಲೇವಿಯರ ಜೊತೆಗೆ ಪರದೇಶಿ, ತಾಯಿತಂದೆ ಇಲ್ಲದ ಮಕ್ಕಳು ಮತ್ತು ವಿಧವೆಯರು ಬಂದು ಉಂಡು ತೃಪ್ತರಾಗಲಿ ಎಂಬ ಕಟ್ಟಳೆ ಅಲ್ಲಿದೆ. ಬಡವರ ಪಾಲು ದಶಮಾಂಶದ ಹೊರಗಿನ ಹೆಚ್ಚುವರಿ ಪುಣ್ಯವಾಗಿರಲಿಲ್ಲ, ಅದರ ಒಳಗೇ ಇತ್ತು. ಹೊಸ ಒಡಂಬಡಿಕೆಗೆ ಬಂದರೆ, ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಶೇಕಡಾ ಇಷ್ಟೆಂದು ಹೇಳಲೇ ಇಲ್ಲ. ಗೊಣಗದೆ, ಯಾರ ಒತ್ತಾಯಕ್ಕೂ ಒಳಗಾಗದೆ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಿ ಎಂದ.

ದೇವರ ಹೆಸರಿನಲ್ಲಿ ಎತ್ತಿಟ್ಟ ಹಣವೇ ಮನುಷ್ಯರ ಕಡೆಗಿನ ಕರ್ತವ್ಯದಿಂದ ಜಾರಿಕೊಳ್ಳುವ ನೆಪವಾಗುವುದುಂಟು. ಹೆತ್ತವರಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಗದರಿಸಿದ ಪ್ರಸಂಗ ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ನಲವತ್ತು ವರ್ಷ ಸಭೆಯ ಕಾಣಿಕೆಯಿಂದಲೇ ಊಟ ಮಾಡಿದವನು ನಾನು, ಆದ್ದರಿಂದ ಈ ಮಾತು ಹೇಳಲು ನನಗೆ ಸ್ವಲ್ಪ ಮುಜುಗರವಿದ್ದರೂ ಹೇಳುತ್ತೇನೆ: ಕೊಡಿ.

ಉತ್ತರ: ಸಭೆಯ ಖಜಾಂಚಿ, ಹಾಸನ ಜಿಲ್ಲೆ

ಅಯ್ಯನವರ ಮಾತಿಗೆ ಎದುರಾಡುತ್ತಿದ್ದೇನೆಂದು ತಿಳಿಯಬೇಡಿ, ಆದರೆ ಲೆಕ್ಕದ ಪುಸ್ತಕ ಇಟ್ಟುಕೊಂಡಿರುವವಳಿಗೆ ಬೇರೆಯದೂ ಕಾಣುತ್ತದೆ. ನಮ್ಮದು ಅರವತ್ತು ಕುಟುಂಬಗಳ ಸಭೆ. ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲಗಳನ್ನು ಪಕ್ಕದ ಕೋಣೆಯ ಮೇಜಿನ ಮೇಲೆ ಸುರಿದು ಇಬ್ಬರು ಎಣಿಸುತ್ತೇವೆ, ಮೂರನೆಯವರು ಬರೆದುಕೊಳ್ಳುತ್ತಾರೆ. ನಾಲ್ಕಾಗಿ ಮಡಚಿದ ಇಪ್ಪತ್ತರ ನೋಟೊಂದು ಪ್ರತಿ ವಾರ ಬರುತ್ತದೆ. ಆ ಮಡಿಕೆಯಿಂದಲೇ ಅದು ಯಾರದೆಂದು ನನಗೆ ಗೊತ್ತು, ಅವರಿಗೆ ಬರುವ ವಿಧವಾ ವೇತನವೆಷ್ಟೆಂಬುದೂ ಗೊತ್ತು. ಅದನ್ನು ಬಿಡಿಸುವಾಗ ಕೈ ತಡೆಯುತ್ತದೆ. ಆ ಹಣದಲ್ಲೇ ಸಭಾಪಾಲಕರ ಸಂಬಳ, ಕರೆಂಟು ಬಿಲ್ಲು, ಬಡವರ ನಿಧಿ ಎಲ್ಲವೂ ನಡೆಯಬೇಕು. ಮೂರು ತಿಂಗಳು ಒಂದು ದೊಡ್ಡ ಲಕೋಟೆ ಬಾರದಿದ್ದರೆ ಮೊದಲು ಕತ್ತರಿ ಬೀಳುವುದು ಆ ನಿಧಿಗೇ.

ನಿಮ್ಮ ಮನೆಗೆ ಬರುವ ಅಮ್ಮ ದಿನವೂ ನಿಮ್ಮ ಕಣ್ಣಿಗೆ ಬೀಳುತ್ತಾರೆ. ಊರಾಚೆಯ ಕಾಲೊನಿಯಲ್ಲಿ ಹಾಸಿಗೆ ಹಿಡಿದಿರುವವರು ಯಾರ ಕಣ್ಣಿಗೂ ಬೀಳುವುದಿಲ್ಲ, ಅವರ ಹೆಸರಿರುವುದು ಸಭೆಯ ಪಟ್ಟಿಯಲ್ಲಿ ಮಾತ್ರ. ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರ ಕಾಲದಲ್ಲೂ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂದು ಗೊಣಗಾಟವೆದ್ದಾಗ, ಅದನ್ನು ನೋಡಿಕೊಳ್ಳಲೆಂದೇ ಏಳು ಮಂದಿಯನ್ನು ಆರಿಸಬೇಕಾಯಿತಲ್ಲವೇ? ಆದ್ದರಿಂದ ನಿಮ್ಮ ಸಭಾಪಾಲಕರಿಗೆ ವಿಷಯ ತಿಳಿಸಿ, ಅರ್ಧವನ್ನಾದರೂ ಎಂದಿನಂತೆ ಸಭೆಗೆ ಕೊಟ್ಟು, ಉಳಿದದ್ದನ್ನು ನಿಮ್ಮ ಬೇರೆ ಖರ್ಚು ಕಡಿಮೆ ಮಾಡಿ ತುಂಬಿಕೊಳ್ಳಿ. ಹಾಗೆಯೇ, ಬಡವರಿಗೆ ಎಷ್ಟು ಹೋಗುತ್ತಿದೆ ಎಂದು ನಿಮ್ಮ ಸಭೆಯ ಲೆಕ್ಕವನ್ನೂ ಕೇಳಿ. ಕೇಳಿದರೆ ಮುಖ ಗಂಟಿಕ್ಕುವ ಕಮಿಟಿಯಾಗಿದ್ದರೆ ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ.

ಉತ್ತರ: ಮಂಗಳೂರಿನಿಂದ

ನಾನು ಕಥೋಲಿಕ. ನಮ್ಮಲ್ಲಿ ದಶಮಾಂಶದ ಕಟ್ಟುನಿಟ್ಟು ಅಷ್ಟಿಲ್ಲದ ಕಾರಣ ಮೊದಲ ಪ್ರಶ್ನೆಯನ್ನು ಬಲ್ಲವರಿಗೇ ಬಿಡುತ್ತೇನೆ. ತಲೆ ತಗ್ಗಿಸದಂತೆ ಕೊಡುವುದು ಹೇಗೆ ಎಂಬುದರ ಬಗ್ಗೆ ಮಾತ್ರ ಹೇಳುತ್ತೇನೆ. ಪ್ಯಾರಿಸ್‌ನಲ್ಲಿ 1833ರಲ್ಲಿ ಫ್ರೆಡೆರಿಕ್ ಒಜಾನಾಮ್ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ ತನ್ನ ಗೆಳೆಯರೊಂದಿಗೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸೇವಾಸಂಘ ನಮ್ಮ ಚರ್ಚುಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಅದರ ಸದಸ್ಯರು ಬಡವರನ್ನು ಕಚೇರಿಗೆ ಕರೆಸಿಕೊಳ್ಳದೆ ಇಬ್ಬಿಬ್ಬರಾಗಿ ಅವರ ಮನೆಗೇ ಹೋಗಿ ಬರುತ್ತಾರೆ. ಕೂಟದಲ್ಲಿ ಒಂದು ಬಟ್ಟೆಯ ಚೀಲ ಸುತ್ತು ಬರುತ್ತದೆ, ಎಲ್ಲರೂ ಮುಚ್ಚಿದ ಮುಷ್ಟಿಯನ್ನು ಒಳಗಿಟ್ಟು ಹೊರತೆಗೆಯುತ್ತಾರೆ; ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಎಂಬುದು ಪಕ್ಕದವರಿಗೂ ತಿಳಿಯುವುದಿಲ್ಲ.

ನಿಮ್ಮ ಸಂದರ್ಭದಲ್ಲಿ ಶುಲ್ಕವನ್ನು ಆ ಹುಡುಗಿಯ ಹೆಸರಿನಲ್ಲಿ ನೇರವಾಗಿ ಕಾಲೇಜಿಗೇ ಕಟ್ಟಿ ರಸೀದಿಯನ್ನು ಅವಳ ಕೈಗೆ ಕೊಡಿ. ಪ್ರಾರ್ಥನೆ, ಚರ್ಚು, ಭಾನುವಾರ ಎಂಬ ಯಾವ ಮಾತೂ ಆ ಸಂದರ್ಭದಲ್ಲಿ ಬರದಿರಲಿ. ನಮ್ಮ ಊರಿನ ಹಳೆಯ ನೆನಪೊಂದನ್ನೂ ಸೇರಿಸುತ್ತೇನೆ. 1834ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು, ಕ್ರೈಸ್ತರಾದ ಕಾರಣಕ್ಕೆ ಮನೆ ಮತ್ತು ಕಸುಬು ಎರಡನ್ನೂ ಕಳೆದುಕೊಂಡವರಿಗೆ ಬರೀ ಅಕ್ಕಿ ಅಳೆದುಕೊಡುತ್ತ ಕೂರದೆ, 1851ರಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಆ ಕೆಲಸದಲ್ಲಿ ಕಟ್ಟುನಿಟ್ಟು ಬಹಳವಿತ್ತು, ಎಲ್ಲವೂ ಒಳ್ಳೆಯದೇ ಆಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಶನಿವಾರ ಕೂಲಿ ಎಣಿಸಿಕೊಳ್ಳುವವನು ಯಾರಿಗೂ ಕೈ ಮುಗಿಯಬೇಕಿಲ್ಲ. ನರ್ಸಿಂಗ್ ಓದಿನ ಶುಲ್ಕ ಆ ಬಗೆಯ ಕೊಡುಗೆ.

ಉತ್ತರ: ಹೆಸರು ಬೇಡ

ಪಡೆದುಕೊಂಡವರ ಕಡೆಯಿಂದ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ನನ್ನನ್ನೂ ಅಮ್ಮನನ್ನೂ ವೇದಿಕೆಗೆ ಕರೆದು ಕಂಬಳಿ ಕೊಟ್ಟರು, ಫೋಟೋಗೆ ಸರಿಯಾಗಿ ಬೀಳಲಿಲ್ಲವೆಂದು ಅದೇ ಕಂಬಳಿಯನ್ನು ವಾಪಸ್ ತೆಗೆದುಕೊಂಡು ಇನ್ನೊಮ್ಮೆ ಕೊಟ್ಟರು. ಕಂಬಳಿ ಬೆಚ್ಚಗಿತ್ತು, ಅದನ್ನು ಅಲ್ಲಗಳೆಯಲಾರೆ. ಅಮ್ಮ ಮಾತ್ರ ಮರುವರ್ಷ ಆ ಕಾರ್ಯಕ್ರಮಕ್ಕೆ ಹೋಗಲಿಲ್ಲ.

ನನಗೆ ಇಷ್ಟವಾದ ಕಟ್ಟಳೆ ದಶಮಾಂಶದ್ದಲ್ಲ, ಹಕ್ಕಲಿನದು. ಹೊಲದ ಅಂಚಿನವರೆಗೆ ಕೊಯ್ಯಬೇಡಿ, ಬಿದ್ದ ತೆನೆಯನ್ನು ಆಯಬೇಡಿ, ಬಡವನಿಗೂ ಪರದೇಶಿಗೂ ಬಿಡಿ ಎಂದು ಯಾಜಕಕಾಂಡ ಹೇಳುತ್ತದೆ. ಬೈಬಲಿನ ಕಥೆಯಲ್ಲಿ ಬಡ ವಿಧವೆ ರೂತಳು ಹಕ್ಕಲಾಯಲು ಬಂದಾಗ ಹೊಲದ ಒಡೆಯ ಬೋವಜನು ಅವಳ ಕೈಗೆ ಜವೆಗೋಧಿಯನ್ನು ಎತ್ತಿ ಹಾಕುವ ಮೊದಲು ಆಳುಗಳಿಗೆ ಹೇಳಿದ ಮಾತು ನೋಡಿ: ಸಿವುಡಿನಿಂದ ಬೇಕೆಂದೇ ಒಂದಷ್ಟು ತೆನೆ ಉದುರಿಸಿ, ಅವಳನ್ನು ಗದರಿಸಬೇಡಿ. ಸಂಜೆ ಅವಳು ಅತ್ತೆಯ ಮುಂದೆ ಇಟ್ಟದ್ದು ತಾನೇ ಬಗ್ಗಿ ಆಯ್ದು, ಬಡಿದು ತೆಗೆದ ಕಾಳು.

ಇನ್ನು ನಿಮ್ಮ ಹಿರಿಯರು ತೋರಿಸಿದ ಮಲಾಕಿಯನ 3ನೆಯ ಅಧ್ಯಾಯಕ್ಕೆ ಬರುತ್ತೇನೆ. ಭಂಡಾರದ ಮಾತು 10ನೆಯ ವಚನದಲ್ಲಿದೆ. ಅದಕ್ಕಿಂತ ಮೊದಲು, 5ನೆಯ ವಚನದಲ್ಲಿ, ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡುವವರ ವಿರುದ್ಧ ತಾನೇ ಸಾಕ್ಷಿಯಾಗಿ ಬರುತ್ತೇನೆಂದು ದೇವರು ಹೇಳುತ್ತಾನೆ. ತಪ್ಪು ತಿಳಿಯಬೇಡಿ, ನೀವು ಬರೆದದ್ದರಲ್ಲಿ ದಶಮಾಂಶ ಎಷ್ಟೆಂಬುದಿದೆ, ಶುಲ್ಕ ಎಷ್ಟೆಂಬುದಿದೆ. ಒಂಬತ್ತು ವರ್ಷದಿಂದ ಕೆಲಸ ಮಾಡುವ ಆ ಅಮ್ಮನಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂಬುದು ಮಾತ್ರ ಇಲ್ಲ.

ಪ್ರಶ್ನೆ ಕೇಳಿದವರಿಂದ

ಕೊನೆಯ ಉತ್ತರವನ್ನು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಹೆಂಡತಿಯ ಹಳೆಯ ಡೈರಿಗಳನ್ನು ತೆಗೆದು ನೋಡಿದೆವು: ಸೇರಿದಾಗ 1,800, ಈಗ 2,500. ಒಂಬತ್ತು ವರ್ಷದಲ್ಲಿ ಎರಡೇ ಸಲ ಹೆಚ್ಚಿಸಿದ್ದೇವೆ, ಎರಡನೆಯ ಸಲವೂ ಅವರೇ ಬಾಯಿಬಿಟ್ಟು ಕೇಳಿದ ಮೇಲೆ. ಅಷ್ಟರಲ್ಲಿ ನನ್ನ ಸಂಬಳ ದುಪ್ಪಟ್ಟಿಗಿಂತ ಹೆಚ್ಚಾಗಿದೆ.

ಈ ತಿಂಗಳಿನಿಂದ 4,500 ಎಂದು ಹೇಳಿದ್ದೇವೆ. ಕಾಲೇಜಿನ ಕಂತನ್ನು ಅವರ ಮಗಳೊಂದಿಗೆ ಹೋಗಿ ಕಟ್ಟಿ ಬಂದೆ, ಸಭೆಯ ಲಕೋಟೆಗೆ ಕೈ ಹಚ್ಚಲಿಲ್ಲ. ಹೊಸ ಫೋನಿಗೆಂದು ಎತ್ತಿಟ್ಟದ್ದು ಅಲ್ಲಿಗೆ ಹೋಯಿತು. ಅಮ್ಮನವರಿಗೆ ಇದು ಇಷ್ಟು ವರ್ಷಗಳ ಬಾಕಿ ಎಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದವರಂತೆ ನಿಂತಿದ್ದು, "ಬಾಕಿ ಅಂದ್ರೆ ಇನ್ನೂ ಜಾಸ್ತಿನೇ ಆಗ್ತದಲ್ಲ ಸಾರ್" ಎಂದು ನಕ್ಕು ಪಾತ್ರೆ ತೊಳೆಯಲು ಒಳಗೆ ಹೋದರು.